ಇಂಟೆಲ್ಲೋ ಎಎಂಡಿಯೋ: ಗೇಮಿಂಗ್ ಕಂಪ್ಯೂಟರ್ ಕಟ್ಟಿಸುವ ಮುನ್ನ

ಪಿಯುಸಿ ರಿಸಲ್ಟ್ ಬಂದು ಇಂಜಿನಿಯರಿಂಗ್ ಸೀಟು ಹೆಚ್ಚುಕಡಿಮೆ ಖಾತ್ರಿ ಅನ್ನಿಸಿದ ಕೂಡಲೇ ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಮನೆಗಳಲ್ಲಿ ಕಂಪ್ಯೂಟರಿನ ಮಾತು ಏಳುತ್ತದೆ. ಅಪ್ಪನ ಹತ್ತಿರ ಹೇಳುವಾಗ ಅದು ‘ಓದಿಗೆ ಬೇಕಾದ ಸಿಸ್ಟಮ್’. ನನಗೆ ಮೆಸೇಜು ಹಾಕುವಾಗ ‘ಗೇಮಿಂಗ್ ಬಿಲ್ಡ್’. ಬಜೆಟ್ಟು ಆ ವರ್ಷದ ಅಡಿಕೆ ದರ ನೋಡಿಕೊಂಡು ಏರುತ್ತದೆ, ಇಳಿಯುತ್ತದೆ. ಮೊದಲ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ: ‘ಅಣ್ಣ, ಇಂಟೆಲ್ ತಗಳದಾ, ಎಎಂಡಿ ತಗಳದಾ?’

ಎರಡೂ ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಚಿಪ್ಪು ತಯಾರಿಸುವ ಕಂಪನಿಗಳು. ಒಂದೇ ಪದದಲ್ಲಿ ಉತ್ತರ ಬೇಕೆಂದರೆ, ಹೊಸದಾಗಿ ಕಟ್ಟಿಸುವ ಹೆಚ್ಚಿನವರಿಗೆ ನಾನು ಈಗ ಹೇಳುವುದು ಎಎಂಡಿ. ಆದರೆ ಬರೀ ಹೆಸರು ಹಿಡಿದು ಅಂಗಡಿಗೆ ಹೋದರೆ ಕೌಂಟರಿನವ ಎರಡು ಮಾತಾಡುವಷ್ಟರಲ್ಲಿ ಮನಸ್ಸು ತಿರುಗುತ್ತದೆ. ಕಾರಣ ಗೊತ್ತಿದ್ದರೆ ನಿಮ್ಮ ಆಟ, ನಿಮ್ಮ ಮಾನಿಟರ್, ನಿಮ್ಮೂರಿನ ಕರೆಂಟು ನೋಡಿಕೊಂಡು ನೀವೇ ತೀರ್ಮಾನ ಮಾಡಬಹುದು. ಕೆಲವರಿಗೆ ಇಂಟೆಲ್ಲೇ ಸರಿ ಎಂಬ ತೀರ್ಮಾನವೂ ಬರಬಹುದು.

ಮೊದಲು ಒಂದು ಹಳೇ ಭಯ ಕಳೆಯಬೇಕು. ‘ಎಎಂಡಿ ಹಾಕಿದ್ರೆ ಎಲ್ಲ ಸಾಫ್ಟ್‌ವೇರ್ ಓಡ್ತದಾ?’ ಎಂದು ಈಗಲೂ ಕೇಳುವವರಿದ್ದಾರೆ. ಓಡುತ್ತದೆ. ಎರಡೂ ಕಂಪನಿಯ ಚಿಪ್ಪುಗಳಿಗೆ ಅರ್ಥವಾಗುವುದು ಒಂದೇ ಆದೇಶಗಳ ಭಾಷೆ, ಎಕ್ಸ್86. ಐಬಿಎಂ ತನ್ನ ಪಿಸಿಗೆ ಎರಡನೇ ಪೂರೈಕೆದಾರ ಬೇಕೆಂದು ಹಟ ಹಿಡಿದಿದ್ದರಿಂದ 1982ರಲ್ಲಿ ಇಂಟೆಲ್ ಈ ಚಿಪ್ಪು ತಯಾರಿಸುವ ಹಕ್ಕನ್ನು ಎಎಂಡಿಗೂ ಕೊಟ್ಟಿತು. ಮುಂದೆ 2003ರಲ್ಲಿ ಆ ಭಾಷೆಯನ್ನು 64 ಬಿಟ್‌ಗೆ ವಿಸ್ತರಿಸಿದ್ದು ಎಎಂಡಿ. ಅದನ್ನೇ ಇಂಟೆಲ್ ಅಳವಡಿಸಿಕೊಂಡಿತು. ಇಂದು ಇಂಟೆಲ್ ಯಂತ್ರದಲ್ಲಿ ಓಡುವ ವಿಂಡೋಸ್ ಕೂಡ ಎಎಂಡಿ ಹಾಕಿದ ಅಡಿಪಾಯದ ಮೇಲೇ ನಿಂತಿದೆ. ‘ಎಎಂಡಿ ಬಿಸಿಯಾಗ್ತದೆ’ ಎಂಬ ಇನ್ನೊಂದು ಮಾತು 2011ರ ಎಫ್‌ಎಕ್ಸ್ ಪ್ರೊಸೆಸರುಗಳ ಕಾಲಕ್ಕೆ ಸೇರಿದ್ದು. ಆಗ ಅದು ನಿಜವಿತ್ತು. 2017ರಲ್ಲಿ ಎಎಂಡಿಯ ರೈಜನ್ ಸರಣಿ ಬಂದ ಮೇಲೆ ಲೆಕ್ಕ ನಿಧಾನಕ್ಕೆ ತಿರುಗಿತು, ಈಗ ಪೂರ್ತಿ ಉಲ್ಟಾ ಆಗಿದೆ.

ಇನ್ನು ನಿಜವಾದ ವಿಷಯ. ಆಟದಲ್ಲಿ ಪ್ರೊಸೆಸರ್ ಮಾಡುವ ಕೆಲಸವಾದರೂ ಏನು?

ಪರದೆಯ ಮೇಲೆ ಕಾಣುವ ಒಂದೊಂದು ಚಿತ್ರಕ್ಕೂ, ಅಂದರೆ ಫ್ರೇಮಿಗೂ, ಇಬ್ಬರ ಕೈ ಬೇಕು. ಶತ್ರು ಎಲ್ಲಿದ್ದಾನೆ, ಗುಂಡು ಎಲ್ಲಿ ತಾಗಿತು, ಗೋಡೆ ಬಿದ್ದರೆ ಕಲ್ಲು ಯಾವ ಕಡೆ ಉರುಳಬೇಕು, ನೀವು ಒತ್ತಿದ ಕೀ ಯಾವುದು ಎಂದೆಲ್ಲ ಲೆಕ್ಕ ಹಾಕಿ ‘ಇಂತಿಂಥದ್ದನ್ನು ಇಲ್ಲಿಲ್ಲಿ ಬರಿ’ ಎಂದು ಪಟ್ಟಿ ಕೊಡುವುದು ಪ್ರೊಸೆಸರ್. ಆ ಪಟ್ಟಿ ನೋಡಿ ಬಣ್ಣ, ಬೆಳಕು, ನೆರಳು ತುಂಬುವುದು ಗ್ರಾಫಿಕ್ಸ್ ಕಾರ್ಡ್. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. 144 ಬೇಕಾದರೆ ಸುಮಾರು 7. 240 ಹರ್ಟ್ಸ್ ಮಾನಿಟರ್ ತಂದವನಿಗೆ ಉಳಿಯುವುದು 4ರ ಆಸುಪಾಸು. ಇಬ್ಬರಲ್ಲಿ ಯಾರು ತಡ ಮಾಡುತ್ತಾರೋ ಅವರ ವೇಗವೇ ಇಡೀ ಯಂತ್ರದ ವೇಗ.

ರೆಸಲ್ಯೂಷನ್, ಅಂದರೆ ಪರದೆಯ ಚುಕ್ಕೆಗಳ ಸಂಖ್ಯೆ, ಏರಿಸಿದಾಗ ಹೆಚ್ಚುವುದು ಕಾರ್ಡಿನ ಕೆಲಸ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆ ತುಂಬಬೇಕು, 4ಕೆಯಲ್ಲಿ ಅದರ ನಾಲ್ಕು ಪಟ್ಟು. ಪ್ರೊಸೆಸರಿನ ಪಟ್ಟಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉದ್ದ ಇರುತ್ತದೆ, ಏಕೆಂದರೆ ಶತ್ರುಗಳ ಸಂಖ್ಯೆ ಅಷ್ಟೇ, ಗುಂಡುಗಳೂ ಅಷ್ಟೇ. ಯೂಟ್ಯೂಬಿನ ವಿಮರ್ಶಕರು ಪ್ರೊಸೆಸರುಗಳನ್ನು ಹೋಲಿಸುವಾಗ ಆರ್‌ಟಿಎಕ್ಸ್ 4090ರಂಥ ಆನೆ ಗಾತ್ರದ ಕಾರ್ಡ್ ಹಾಕಿ 1080ಪಿಯಲ್ಲಿ ಓಡಿಸುವುದು ಈ ಕಾರಣಕ್ಕೇ. ಕಾರ್ಡು ಎಲ್ಲೂ ಅಡ್ಡ ಬರದಂತೆ ಮಾಡಿ ಪ್ರೊಸೆಸರುಗಳ ನಡುವಿನ ಅಂತರವನ್ನಷ್ಟೇ ತೋರಿಸುತ್ತಾರೆ. ವಿಧಾನ ಸರಿಯೇ. ಆದರೆ ಆ ವಿಡಿಯೋದ ಅಂಕಿಗಳಲ್ಲಿ ಮೂವತ್ತು ಫ್ರೇಮ್ ವ್ಯತ್ಯಾಸ ನೋಡಿದ ಹುಡುಗ ತನ್ನ ಆರ್‌ಟಿಎಕ್ಸ್ 4060ಕ್ಕೂ ಅದೇ ಅಂತರ ಸಿಗುತ್ತದೆ ಎಂದುಕೊಳ್ಳುತ್ತಾನೆ. ದೊಡ್ಡ ಆಟಗಳನ್ನು ಹೈ ಸೆಟ್ಟಿಂಗಿನಲ್ಲಿ ಆಡಿದರೆ ಅಂಥ ಕಾರ್ಡಿನಲ್ಲಿ ಎರಡೂ ಪ್ರೊಸೆಸರು ಬಹುತೇಕ ಒಂದೇ ಕಡೆ ಬಂದು ನಿಲ್ಲುತ್ತವೆ, ತಡವಾಗುತ್ತಿರುವುದು ಕಾರ್ಡಿನಲ್ಲಿ. ದುಬಾರಿ ಪ್ರೊಸೆಸರಿಗೆ ಸುರಿಯುವ ಹತ್ತು ಸಾವಿರವನ್ನು ಕಾರ್ಡಿಗೆ ಸೇರಿಸಿದ್ದರೆ ಕಣ್ಣಿಗೆ ಕಾಣುವ ಫಲ ಸಿಗುತ್ತಿತ್ತು.

ಇದನ್ನು ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. ಗೆಳೆಯನ ಕಂಪ್ಯೂಟರಾದರೂ ಆದೀತು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿ ಆಟದ ಮೂಲೆಯಲ್ಲಿ ಫ್ರೇಮ್ ದರ ಮತ್ತು ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್ಪು) ಬಳಕೆ ಕಾಣುವಂತೆ ಮಾಡಿ. ಜಿಪಿಯು ಶೇಕಡಾ 97, 98, 99 ಎಂದು ಮೇಲೆಯೇ ಆಡುತ್ತಿದ್ದರೆ ಕಾರ್ಡು ಏದುಸಿರು ಬಿಡುತ್ತಿದೆ, ಪ್ರೊಸೆಸರ್ ಬದಲಿಸಿ ಪ್ರಯೋಜನವಿಲ್ಲ. ಅದು 60-70ರಲ್ಲೇ ನಿಂತು, ರೆಸಲ್ಯೂಷನ್ ಇಳಿಸಿದರೂ ಫ್ರೇಮ್ ಏರದಿದ್ದರೆ ಪ್ರೊಸೆಸರಿನಲ್ಲಿ ಸಿಕ್ಕಿಬಿದ್ದಿದೆ. (ಫ್ರೇಮ್ ದರಕ್ಕೆ ಮಿತಿ ಹಾಕುವ ಫ್ರೇಮ್ ಲಿಮಿಟ್, ವಿ-ಸಿಂಕ್ ಆಫ್ ಮಾಡಿ ನೋಡಬೇಕು.) ಇಲ್ಲೊಂದು ಬಲೆಯಿದೆ. ಸಿಪಿಯು (ಪ್ರೊಸೆಸರ್) ಬಳಕೆ ಬರೀ 30 ಶೇಕಡಾ ಕಂಡರೆ ‘ಸಿಪಿಯು ಆರಾಮಾಗಿದೆ’ ಎಂದುಕೊಳ್ಳಬೇಡಿ. ಕೋರ್ ಎಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ, ಥ್ರೆಡ್ ಎಂದರೆ ಅದು ನಡೆಸುವ ಕೆಲಸದ ಸಾಲು. ಆರು ಕೋರ್, ಹನ್ನೆರಡು ಥ್ರೆಡ್‌ನ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಲೆಕ್ಕದಲ್ಲಿ ಕಾಣುವುದು 8 ಶೇಕಡಾ. ಹೆಚ್ಚಿನ ಆಟಗಳಲ್ಲಿ ಒಂದು ಮುಖ್ಯ ಥ್ರೆಡ್ಡಿನ ಮೇಲೇ ಭಾರ ಬೀಳುತ್ತದೆ, ಉಳಿದವು ಅದಕ್ಕಾಗಿ ಕಾಯುತ್ತಿರುತ್ತವೆ.

24 ಕೋರ್ ಪ್ರೊಸೆಸರ್ ತಂದರೆ ಆಟ ನಾಲ್ಕು ಪಟ್ಟು ಚುರುಕಾಗದಿರುವುದೂ ಇದೇ ಕಾರಣಕ್ಕೆ. ಆಟಕ್ಕೆ ಆರು ಒಳ್ಳೆಯ ಕೋರ್ ಸಾಕು, ಎಂಟು ಇದ್ದರೆ ನಿಶ್ಚಿಂತೆ. ಇಂಟೆಲ್ಲಿನ ಡಬ್ಬದ ಮೇಲಿನ ಸಂಖ್ಯೆ ಓದುವಾಗ ಇನ್ನೂ ಎಚ್ಚರ ಬೇಕು. 2021ರ ಹನ್ನೆರಡನೇ ಪೀಳಿಗೆಯಿಂದ ಅದು ದೊಡ್ಡ ಪಿ-ಕೋರ್, ಚಿಕ್ಕ ಇ-ಕೋರ್ ಎರಡನ್ನೂ ಬೆರೆಸುತ್ತಿದೆ. ಐ5-14600ಕೆಯಲ್ಲಿ 14 ಕೋರ್ ಎಂದಿದ್ದರೂ ದೊಡ್ಡವು ಆರೇ. ಗಿಗಾಹರ್ಟ್ಸ್ ಸಂಖ್ಯೆಯನ್ನು, ಅಂದರೆ ಚಿಪ್ಪು ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ ಎಂಬ ಕ್ಲಾಕ್ ವೇಗವನ್ನು, ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಲಿಸುವುದಂತೂ ವ್ಯರ್ಥ, ಒಂದು ಬಡಿತಕ್ಕೆ ಎಷ್ಟು ಕೆಲಸ ಮುಗಿಯುತ್ತದೆ ಎನ್ನುವುದು ಎರಡರಲ್ಲೂ ಬೇರೆ ಬೇರೆ.

ಆಟಕ್ಕೆ ಸಂಬಂಧಿಸಿ ಇಬ್ಬರ ನಡುವೆ ನಿಜವಾದ ಅಂತರ ತಂದದ್ದು ಕ್ಯಾಶ್. ಪ್ರೊಸೆಸರಿಗೆ ಬೇಕಾದ ಮಾಹಿತಿ ರ‍್ಯಾಮಿನಲ್ಲಿ ಇರುತ್ತದೆ. ಪದೇ ಪದೇ ಬೇಕಾಗುವ ಸ್ವಲ್ಪ ಭಾಗವನ್ನು ಚಿಪ್ಪಿನೊಳಗಿನ ಕ್ಯಾಶಿನಲ್ಲಿ ಇಟ್ಟುಕೊಳ್ಳುತ್ತದೆ. ನಮ್ಮ ಕಡೆ ಹಳೇ ಮನೆಗಳಲ್ಲಿ ಅಡುಗೆ ಮಾಡುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಸಾಸಿವೆ, ಅರಿಶಿನ ಒಲೆಯ ಪಕ್ಕದ ಡಬ್ಬದಲ್ಲಿ, ಉಳಿದದ್ದು ಅಟ್ಟದ ಮೇಲೆ. ಒಗ್ಗರಣೆಯ ಹೊತ್ತಿಗೆ ಅಟ್ಟ ಹತ್ತಬೇಕಾಗಿ ಬಂದರೆ ಎಣ್ಣೆ ಹೊತ್ತಿಹೋಗುತ್ತದೆ. ಪ್ರೊಸೆಸರಿಗೂ ರ‍್ಯಾಮಿನ ತನಕ ಹೋಗಿ ಬರುವುದು ಕ್ಯಾಶಿಗೆ ಕೈ ಹಾಕುವುದಕ್ಕಿಂತ ಹಲವು ಪಟ್ಟು ನಿಧಾನ. ಆಟದಲ್ಲಿ ಮುಂದೆ ಯಾವ ಮಾಹಿತಿ ಬೇಕಾದೀತು ಎಂದು ಮೊದಲೇ ಊಹಿಸುವುದು ಕಷ್ಟವಾದ್ದರಿಂದ ಈ ಓಡಾಟ ಜಾಸ್ತಿ.

ಎಎಂಡಿ 2022ರ ಏಪ್ರಿಲ್‌ನಲ್ಲಿ ರೈಜನ್ 7 5800ಎಕ್ಸ್3ಡಿ ಎಂಬ ಪ್ರೊಸೆಸರಿನಲ್ಲಿ ಒಂದು ಹೊಸ ಉಪಾಯ ಮಾಡಿತು. ಇದ್ದ 32 ಎಂಬಿ ಎಲ್3 (ಮೂರನೇ ಹಂತದ) ಕ್ಯಾಶಿನ ಮೇಲೆ ಇನ್ನೊಂದು 64 ಎಂಬಿಯ ಪದರ ಕೂರಿಸಿ 96 ಎಂಬಿ ಮಾಡಿತು. ಕ್ಲಾಕ್ ವೇಗ ತುಸು ಕಡಿಮೆಯಾದರೂ ಆಟಗಳಲ್ಲಿ ಜಿಗಿತ ದೊಡ್ಡದಾಗಿತ್ತು. 2023ರಲ್ಲಿ 7800ಎಕ್ಸ್3ಡಿ, 2024ರ ನವೆಂಬರಿನಲ್ಲಿ 9800ಎಕ್ಸ್3ಡಿ ಬಂದವು. ಹೆಸರಿನ ಕೊನೆಯ ‘ಎಕ್ಸ್3ಡಿ’ಯ ಅರ್ಥ ಇಷ್ಟೇ. ಸರಾಸರಿ ಫ್ರೇಮ್ ದರಕ್ಕಿಂತ ಹೆಚ್ಚಾಗಿ ಇದರ ಗುಣ ಕಾಣುವುದು ‘ಒನ್ ಪರ್ಸೆಂಟ್ ಲೋ’ ಎಂಬ ಅಂಕಿಯಲ್ಲಿ, ಅಂದರೆ ಆಟ ತೀರಾ ತಡವರಿಸಿದ ಗಳಿಗೆಗಳ ಲೆಕ್ಕದಲ್ಲಿ. ಸರಾಸರಿ 120 ಇದ್ದೂ ಗುಂಡು ಹಾರಿಸುವ ಕ್ಷಣಕ್ಕೆ 40ಕ್ಕೆ ಕುಸಿದರೆ ಆಡುವವನಿಗೆ ನೆನಪಿರುವುದು ಆ 40 ಮಾತ್ರ. ವಾಲೊರಂಟ್, ಕೌಂಟರ್ ಸ್ಟ್ರೈಕ್‌ನಂಥ ಆಟಗಳನ್ನು 240 ಹರ್ಟ್ಸ್ ಮಾನಿಟರಿನಲ್ಲಿ ಜಿದ್ದಿಗೆ ಬಿದ್ದು ಆಡುವವರಿಗೆ, ದೊಡ್ಡ ಕಾರ್ಡ್ ಹಾಕುವವರಿಗೆ ಎಕ್ಸ್3ಡಿ ಸಾರ್ಥಕ. 60 ಅಥವಾ 75 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು ಅದಕ್ಕೆ ದುಡ್ಡು ಸುರಿಯುವುದು ಶುದ್ಧ ಶೋಕಿ.

ಎರಡನೇ ಅಂತರ ಮದರ್‌ಬೋರ್ಡಿನದ್ದು. ಎಎಂಡಿಯ ಎಎಂ4 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಬಾಳಿಕೆ ನಿಜಕ್ಕೂ ಮೆಚ್ಚಬೇಕಾದದ್ದು. 2017ರಲ್ಲಿ ಮೊದಲ ರೈಜನ್ ಜೊತೆ ಬೋರ್ಡ್ ಕೊಂಡವರು ಐದು ವರ್ಷದ ಮೇಲೆ, ಬೋರ್ಡ್ ಕಂಪನಿ ಹೊಸ ಬಯೋಸ್ (ಬೋರ್ಡನ್ನು ಚಾಲೂ ಮಾಡುವ ಸಾಫ್ಟ್‌ವೇರ್) ಕೊಟ್ಟಿದ್ದರೆ, ಅದೇ ಬೋರ್ಡಿಗೆ 5800ಎಕ್ಸ್3ಡಿ ಕೂರಿಸಿದರು. ಅಷ್ಟು ಹೊತ್ತಿಗೆ ಇಂಟೆಲ್ ಎಲ್‌ಜಿಎ1151, 1200, 1700 ಎಂದು ಸಾಕೆಟ್ ಬದಲಿಸುತ್ತ ಬಂದಿತ್ತು. 2024ರ ಅಕ್ಟೋಬರಿನ ಕೋರ್ ಅಲ್ಟ್ರಾ 200 ಸರಣಿಗೆ ಮತ್ತೆ ಹೊಸದು, ಎಲ್‌ಜಿಎ1851. ಎಎಂಡಿಯ ಈಗಿನ ಎಎಂ5 ಬಂದದ್ದು 2022ರಲ್ಲಿ, 2027 ಮತ್ತು ಆಚೆಗೂ ಅದನ್ನು ಮುಂದುವರಿಸುವುದಾಗಿ ಕಂಪನಿ ಹೇಳಿದೆ. ಇವತ್ತು ಆರು ಕೋರಿನ ರೈಜನ್ 5 7600 ಹಾಕಿ, ನೌಕರಿ ಸಿಕ್ಕ ಮೇಲೆ ಅದೇ ಬೋರ್ಡಿಗೆ ಎಕ್ಸ್3ಡಿ ತಂದು ಹಾಕುವ ದಾರಿ ತೆರೆದೇ ಇರುತ್ತದೆ. ಎಎಂಡಿ ಎಂದು ನಾನು ಹೇಳುವುದಕ್ಕೆ ಮೊದಲ ಕಾರಣ ಇದು.

ಇಲ್ಲಿ ಇಂಟೆಲ್ ಪರವಾಗಿಯೂ ಒಂದು ಮಾತು ಹೇಳಬೇಕು. ಎಎಂ5ಕ್ಕೆ ಹೊಸ ಪೀಳಿಗೆಯ ಡಿಡಿಆರ್5 ರ‍್ಯಾಮೇ ಬೇಕು. ಇಂಟೆಲ್ಲಿನ 12, 13, 14ನೇ ಪೀಳಿಗೆಗೆ ಹಿಂದಿನ ಡಿಡಿಆರ್4 ರ‍್ಯಾಮಿನ ಬೋರ್ಡುಗಳೂ ಇವೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಹಸಿವಿಗೆ ರ‍್ಯಾಮ್ ಬೆಲೆ ಕಂಡಾಪಟ್ಟೆ ಏರಿದೆ. ಅಣ್ಣನ ಹಳೇ ಕಂಪ್ಯೂಟರಿನಿಂದ ಎರಡು ಡಿಡಿಆರ್4 ಕಡ್ಡಿ ಸಿಗುವಂತಿದ್ದರೆ ಐ5-12400 ಬೇಸರ ತರುವ ಆಯ್ಕೆಯೇನಲ್ಲ. ಹಾಗೆಯೇ ಯಕ್ಷಗಾನದ ವಿಡಿಯೋ ಎಡಿಟ್ ಮಾಡಿ ಚಾನೆಲ್ಲಿಗೆ ಹಾಕುವವರಿಗೆ ಇಂಟೆಲ್ ಚಿಪ್ಪಿನಲ್ಲೇ ಸೇರಿರುವ ಒಳ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಎಂಬ ವಿಡಿಯೋ ಬಿಡಿಸುವ ಭಾಗ ಬಹಳ ಕೆಲಸಕ್ಕೆ ಬರುತ್ತದೆ. ಕ್ಯಾಮೆರಾದ ಭಾರದ ಫೈಲುಗಳು ಟೈಮ್‌ಲೈನಿನಲ್ಲಿ ತಡವರಿಸದೆ ಓಡುತ್ತವೆ. ಆದರೆ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಒಳ ಗ್ರಾಫಿಕ್ಸೇ ಇರುವುದಿಲ್ಲ, ಕ್ವಿಕ್ ಸಿಂಕೂ ಇಲ್ಲ.

ಈ ‘ಎಫ್’ ಬಗ್ಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ವಿಶೇಷವಾಗಿ ಹೇಳಬೇಕು. 12400ಎಫ್, 7500ಎಫ್ ಇವು ಸ್ವಲ್ಪ ಅಗ್ಗ. ಹೇಗೂ ಬೇರೆ ಕಾರ್ಡ್ ಹಾಕುತ್ತೇವಲ್ಲ ಎಂದು ಬೆಂಗಳೂರಿನ ಹುಡುಗರು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾರೆ. ಅವರಿಗೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಸಾಲು ಎಸ್‌ಪಿ ರೋಡ್ ಹತ್ತಿರ. ಇಲ್ಲಿ ಕಾರ್ಡ್ ಕೆಟ್ಟರೆ ಅದನ್ನು ಪ್ಯಾಕ್ ಮಾಡಿ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಿ ಕಾಯಬೇಕು. ಕಾರವಾರದವರಾದರೆ ಮಡಗಾಂವ್ ಕಡೆ ವಿಚಾರಿಸುತ್ತಾರೆ. ಅಷ್ಟು ದಿನವೂ ಎಫ್ ಪ್ರೊಸೆಸರಿನ ಕಂಪ್ಯೂಟರ್ ಪರದೆಗೆ ಏನನ್ನೂ ತೋರಿಸದ ಡಬ್ಬ. ಒಳ ಗ್ರಾಫಿಕ್ಸ್ ಇದ್ದರೆ ಆಟ ನಿಂತರೂ ಅಸೈನ್‌ಮೆಂಟ್ ನಡೆಯುತ್ತದೆ, ತೊಂದರೆ ಕಾರ್ಡಿನದ್ದೋ ಬೋರ್ಡಿನದ್ದೋ ಎಂದು ಮನೆಯಲ್ಲೇ ಪತ್ತೆ ಹಚ್ಚಲೂ ಆಗುತ್ತದೆ. ಸಾವಿರ ಚಿಲ್ಲರೆ ಉಳಿಸಲು ಹೋಗಿ ಇದನ್ನು ಕಳೆದುಕೊಳ್ಳಬೇಡಿ. ರೈಜನ್ 7000, 9000 ಸರಣಿಯಲ್ಲಿ ಎಫ್ ಇಲ್ಲದ ಸಾಮಾನ್ಯ ಮಾದರಿಗಳಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಇದ್ದೇ ಇದೆ. ಹಳೆಯ ರೈಜನ್ 5 5600ರಲ್ಲಿ ಹೆಸರಿಗೆ ಎಫ್ ಇಲ್ಲದಿದ್ದರೂ ಗ್ರಾಫಿಕ್ಸ್ ಇಲ್ಲ. ಅದು ಬೇಕಾದರೆ 5600ಜಿ ನೋಡಬೇಕು. ಕಾರ್ಡ್ ಕೊಳ್ಳಲು ಈ ವರ್ಷ ದುಡ್ಡೇ ಇಲ್ಲ ಎನ್ನುವವರಿಗೂ ಈ ‘ಜಿ’ ಮಾದರಿಗಳೇ ದಾರಿ. ಎಎಂ5ರಲ್ಲಿ 8600ಜಿ ಸಿಗುತ್ತದೆ, ಹಗುರ ಆಟಗಳಿಗೆ ಸಾಕಾಗುವಷ್ಟು ಶಕ್ತಿ ಇದೆ. ಆದರೆ ಒಂದು ಕಡ್ಡಿ ರ‍್ಯಾಮ್ ಹಾಕಿದರೆ ಅದರ ಗ್ರಾಫಿಕ್ಸ್ ಕುಂಟುತ್ತದೆ, ಎರಡು ಕಡ್ಡಿ ಕಡ್ಡಾಯ.

ಇನ್ನು ಕರೆಂಟು. ಕೈಗಾ, ಸೂಪಾ, ಕದ್ರಾ ವಿದ್ಯುತ್ ಕೇಂದ್ರಗಳೆಲ್ಲ ಇರುವುದು ನಮ್ಮ ಜಿಲ್ಲೆಯಲ್ಲೇ. ಆದರೂ ಜೂನ್ ಬಂತೆಂದರೆ ಲೈನಿನ ಮೇಲೆ ಒಂದು ಮರ ಬಿದ್ದರೆ ಸಾಕು, ಊರಿಗೆ ಊರೇ ಕತ್ತಲೆ. ಯುಪಿಎಸ್ ಇಲ್ಲದೆ ಇಲ್ಲಿ ಕಂಪ್ಯೂಟರ್ ಇಡುವುದು ಕಷ್ಟ. ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯುತ್ತದೆ ಎನ್ನುವುದು ಹಾಗಾಗಿ ಬರೀ ಬಿಲ್ಲಿನ ಪ್ರಶ್ನೆಯಲ್ಲ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ಸಿನ ನಿಜವಾದ ತಾಕತ್ತು 360 ವ್ಯಾಟ್. ಐ5-12400 ಎಷ್ಟೇ ಉಬ್ಬಿದರೂ 117 ವ್ಯಾಟ್. ಆರ್‌ಟಿಎಕ್ಸ್ 4060 ಕಾರ್ಡಿಗೆ 115. ಬೋರ್ಡು, ಫ್ಯಾನು, ಮಾನಿಟರ್ ಸೇರಿದರೂ ಆ ಯುಪಿಎಸ್ ತಡೆದುಕೊಳ್ಳುತ್ತದೆ, ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಗುತ್ತದೆ. ಅದೇ ಐ7-14700ಕೆ ಗರಿಷ್ಠ 253 ವ್ಯಾಟ್ ಎಳೆಯಬಲ್ಲದು. ಜೊತೆಗೆ 200 ವ್ಯಾಟಿನ ಆರ್‌ಟಿಎಕ್ಸ್ 4070 ಇದ್ದರೆ ಕರೆಂಟ್ ಹೋದ ಕ್ಷಣಕ್ಕೇ ಯುಪಿಎಸ್ ಕೂಡ ಕೀ ಎಂದು ಕೂಗಿ ಕೈ ಎತ್ತುವ ಸಾಧ್ಯತೆಯೇ ಹೆಚ್ಚು. 7800ಎಕ್ಸ್3ಡಿಯ ದೊಡ್ಡ ಗುಣ ಇಲ್ಲೇ ಇದೆ. ಆಟದ ಹೊತ್ತಿಗೆ ಅದು ಸಾಮಾನ್ಯವಾಗಿ ನೂರು ವ್ಯಾಟ್ ದಾಟುವುದಿಲ್ಲ.

ಎಳೆದ ವ್ಯಾಟ್ ಎಲ್ಲವೂ ಕೊನೆಗೆ ಬಿಸಿಯಾಗಿ ನಿಮ್ಮ ಕೋಣೆಗೇ ಬರುತ್ತದೆ. ಮೇ ತಿಂಗಳಲ್ಲಿ ಅಂಕೋಲಾದಲ್ಲೋ ಹೊನ್ನಾವರದಲ್ಲೋ ಫ್ಯಾನಿನ ಅಡಿ ಕೂತವನಿಗೂ ಬೆವರು ಒಣಗದ ಹೊತ್ತಿನಲ್ಲಿ 250 ವ್ಯಾಟಿನ ಪ್ರೊಸೆಸರ್ ಪಕ್ಕದಲ್ಲಿಟ್ಟುಕೊಳ್ಳುವುದು ಶಿಕ್ಷೆ. ಅಂಥದ್ದಕ್ಕೆ ಲಿಕ್ವಿಡ್ ಕೂಲರ್ ಬೇಕು ಎನ್ನುತ್ತಾರೆ. ಅದರ ಪಂಪ್ ನಿಂತರೆ ಮತ್ತೆ ಕೊರಿಯರ್. 65 ವ್ಯಾಟ್ ವರ್ಗದ ಪ್ರೊಸೆಸರ್ ತೆಗೆದುಕೊಂಡರೆ ಸಾದಾ ಹೀಟ್‌ಸಿಂಕ್ ಮತ್ತು ಫ್ಯಾನ್ ಸಾಕು. 7600, 12400ರ ಡಬ್ಬದಲ್ಲಿ ಕಂಪನಿಯ ಕೂಲರೇ ಬರುತ್ತದೆ. ಕರಾವಳಿಯ ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಕ್ಯಾಬಿನೆಟ್ಟಿನ ಸ್ಕ್ರೂ ಮತ್ತು ಕಾರ್ಡಿನ ತಗಡು, ಪ್ರೊಸೆಸರಿಗೆ ಅದರಿಂದ ಅಂಥ ಅಪಾಯವಿಲ್ಲ. ಒಳಗೆ ನುಗ್ಗುವ ಹಲ್ಲಿಯಿಂದ ಯಂತ್ರಕ್ಕೆ ಅಪಾಯ ಇದೆ. ಕ್ಯಾಬಿನೆಟ್ಟಿನ ಹಿಂದಿನ ಖಾಲಿ ಸ್ಲಾಟಿನ ತಗಡುಗಳನ್ನು ಬಿಸಾಡದೆ ಹಾಕಿಡಿ.

ದೋಷದ ಚರಿತ್ರೆ ಇಬ್ಬರಿಗೂ ಇದೆ. ಇಂಟೆಲ್ಲಿನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ತೆಗೆದುಕೊಂಡು ನಿಧಾನವಾಗಿ ಒಳಗೇ ಹಾಳಾಗುತ್ತಿದ್ದವು. ‘ವಿಡಿಯೋ ಮೆಮೊರಿ ಸಾಲದು’ ಎಂಬ ಸಂದೇಶ ತೋರಿಸಿ ಆಟ ನಿಲ್ಲುತ್ತಿದ್ದುದರಿಂದ ಜನ ಪಾಪದ ಗ್ರಾಫಿಕ್ಸ್ ಕಾರ್ಡನ್ನು ಬೈದರು. 2024ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಮೈಕ್ರೋಕೋಡ್ (ಚಿಪ್ಪಿನೊಳಗಿನ ಸೂಚನೆಗಳ) ತಿದ್ದುಪಡಿ ಬಂತು, ವಾರಂಟಿ ಎರಡು ವರ್ಷ ವಿಸ್ತರಣೆಯಾಯಿತು. ಆದರೆ ಆಗಲೇ ಹಾಳಾದ ಚಿಪ್ಪನ್ನು ತಿದ್ದುಪಡಿ ಸರಿ ಮಾಡುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡಿನಲ್ಲಿ 13900ಕೆ ಅಗ್ಗಕ್ಕೆ ಸಿಕ್ಕಿತೆಂದು ಯಾರಾದರೂ ಕುಣಿದರೆ ಬೇಡ ಎನ್ನಿ. 12400ಕ್ಕೆ ಈ ಕಾಯಿಲೆ ಇಲ್ಲ. ಎಎಂಡಿ ಕಡೆ 2023ರಲ್ಲಿ ಕೆಲವು 7000 ಸರಣಿಯ ಎಕ್ಸ್3ಡಿಗಳು ಬೋರ್ಡುಗಳು ಕೊಟ್ಟ ಅತಿ ವೋಲ್ಟೇಜಿಗೆ ಸುಟ್ಟುಹೋದವು, ಬಯೋಸ್‌ನಲ್ಲಿ 1.3 ವೋಲ್ಟಿನ ಮಿತಿ ಹಾಕಿದ ಮೇಲೆ ಗಲಾಟೆ ತಣ್ಣಗಾಯಿತು. ಇಬ್ಬರದ್ದರಲ್ಲೂ ಪಾಠ ಒಂದೇ, ಬಯೋಸ್ ಹೊಸದಾಗಿರಬೇಕು.

ಬಯೋಸ್ ವಿಚಾರ ಖರೀದಿಗೆ ಮೊದಲೂ ಬರುತ್ತದೆ. ಅಂಗಡಿಯಲ್ಲಿ ಹಳೇ ಸ್ಟಾಕಿನ, ಎಎಂ5ರ ಬಿ650 ಬೋರ್ಡ್ ಇದ್ದು, ನೀವು ರೈಜನ್ 9000 ಸರಣಿಯ ಪ್ರೊಸೆಸರ್ ತಂದರೆ ಬೋರ್ಡ್ ಅದನ್ನು ಗುರುತಿಸದೇ ಇರಬಹುದು. ಹಿಂಬದಿಯಲ್ಲಿ ‘ಬಯೋಸ್ ಫ್ಲ್ಯಾಶ್‌ಬ್ಯಾಕ್’ ಗುಂಡಿ ಇರುವ ಬೋರ್ಡ್ ಆದರೆ ಪೆನ್‌ಡ್ರೈವ್ ಒಂದರಿಂದಲೇ, ಪ್ರೊಸೆಸರ್ ಇಲ್ಲದೆಯೂ, ಸರಿ ಮಾಡಬಹುದು. ಬಿಡಿಭಾಗಗಳನ್ನು ಕೊರಿಯರಿನಲ್ಲಿ ತರಿಸುವವರು ಬೋರ್ಡ್ ಆರಿಸುವಾಗ ಬಣ್ಣದ ಲೈಟ್ ನೋಡುವ ಬದಲು ಈ ಗುಂಡಿ ನೋಡಬೇಕು.

ಎಎಂ5 ಕಂಪ್ಯೂಟರನ್ನು ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ‘ಬೋರ್ಡ್ ಹೋತು’ ಎಂದು ಫೋನ್ ಮಾಡಬೇಡಿ. ಡಿಡಿಆರ್5 ರ‍್ಯಾಮಿಗೆ ಹೊಂದಿಕೊಳ್ಳಲು ಬೋರ್ಡ್ ಮೊದಲ ಸಲ ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ. ಯುಪಿಎಸ್ಸಿಗೆ ಜೋಡಿಸಿಯೇ ಆನ್ ಮಾಡಿ. ಪರದೆ ಬಂದ ಮೇಲೆ ಬಯೋಸ್‌ಗೆ ಹೋಗಿ, ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ತರುವ ಎಕ್ಸ್‌ಪೋ ಆನ್ ಆಗಿದೆಯೇ ನೋಡಿ. ಇಂಟೆಲ್ ಬೋರ್ಡಾದರೆ ಅದರ ಹೆಸರು ಎಕ್ಸ್‌ಎಂಪಿ. ಅಸೆಂಬಲ್ ಮಾಡಿ ಕೊಟ್ಟ ಅಂಗಡಿಯವರು ಇದನ್ನು ಮರೆತಿರುವುದು ಮಾಮೂಲು, ಡಬ್ಬದ ಮೇಲೆ 6000 ಎಂದಿರುವ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ.